ಕನ್ನಡದ ‘ನಾವು’ ಲೆಕ್ಕಕ್ಕೆ ಸಿಗುವುದಿಲ್ಲ

‘ನಾನು’ ಕಡಿಮೆ, ‘ನಾವು’ ಜಾಸ್ತಿ ಬಳಸುವ ದಂಪತಿ ಚೆನ್ನಾಗಿರುತ್ತಾರೆ ಅಂತ ಲೇಖನವೊಂದರಲ್ಲಿ ಓದಿದೆ. ಆ ಮಾತು ಇಂಗ್ಲಿಷಿಗೆ ಸರಿ ಇರಬಹುದು. ಕನ್ನಡದಲ್ಲಿ ಆ ಪದಗಳನ್ನು ಬಾಯಿಬಿಟ್ಟು ಹೇಳುವುದೇ ಕಡಿಮೆ, ಅಲ್ವಾ? ‘ಬರ್ತೀನಿ’ ಅಂದರೆ ನಾನು, ‘ಹೋಗೋಣ’ ಅಂದರೆ ನಾವು. ಎಲ್ಲಾ ಕ್ರಿಯಾಪದದ ಬಾಲದಲ್ಲೇ ಇದೆ.

ಇನ್ನೊಂದು ತೊಡಕು. ನಮ್ಮ ‘ನಾವು’ವಿನಲ್ಲಿ ಎದುರಿಗಿರುವವರು ಸೇರಿದ್ದಾರಾ, ಇಲ್ಲವಾ? ಆ ಪದದಿಂದ ಗೊತ್ತಾಗುವುದಿಲ್ಲ. ತೆಲುಗಿನಲ್ಲಿ ಸೇರಿದ್ದರೆ ‘ಮನಂ’, ಇಲ್ಲದಿದ್ದರೆ ‘ಮೇಮು’. (ಹೆಂಡತಿಯ ಮನೆಮಾತು ತೆಲುಗು, ಪಾಠ ಪುಕ್ಕಟೆ.) ಮದುವೆಯಾದ ಹೊಸದರಲ್ಲಿ ‘ಕಡಲೆಕಾಯಿ ಪರಿಷೆಗೆ ನಾವು ಬಸವನಗುಡಿಗೆ ಹೋಗ್ತಿದ್ದೀವಿ’ ಅಂದೆ. ನಾನು, ಅಮ್ಮ ಅಂತ ನನ್ನ ಲೆಕ್ಕ. ಹೆಂಡತಿ ಸೀರೆ ಉಟ್ಟು ರೆಡಿಯಾಗಿ ಕೂತಿದ್ದಳು. ಆ ಒಂದು ‘ನಾವು’ಗೆ ಮೂರು ದಿನ ಮನೆಯಲ್ಲಿ ಮಾತಿಲ್ಲ.

ದಂಪತಿಗಳ ಜಗಳವನ್ನು ವಿಡಿಯೋ ಮಾಡಿ ಅಧ್ಯಯನ ಮಾಡಿದ ಅಮೆರಿಕದ ಜಾನ್ ಗಾಟ್‌ಮನ್, ಸಂಬಂಧ ಮುರಿಯುವ ದೊಡ್ಡ ಸೂಚನೆ ತಿರಸ್ಕಾರ ಅನ್ನುತ್ತಾರೆ. ಅದು ನನಗೆ ಒಪ್ಪಿಗೆ. ಸುಮ್ನೆ ‘ನಾವು’ ಎಣಿಸುವ ಬದಲು, ‘ನಿಂಗೇನು ಗೊತ್ತು, ಬಿಡು’ ಅನ್ನುವುದು ವಾರಕ್ಕೆ ಎಷ್ಟು ಸಲ ಅಂತ ಎಣಿಸಿ. ನಮ್ಮ ಮನೆಯಲ್ಲಿ ಅದನ್ನು ಜಾಸ್ತಿ ಹೇಳುತ್ತಿದ್ದವನು ನಾನೇ.