ಯಾವ ಸಂಘ, ಅಕ್ಕಾ?

ಮೊನ್ನೆ ನೆಂಟರ ಮನೇಲಿ ಊಟಕ್ಕೆ ಕೂತಿದ್ವಿ. ಬಡಿಸ್ತಿದ್ದ ಅಕ್ಕ "ಸಂಘದವ್ರು ಬಂದ್ರು" ಅಂತ ಸೆರಗಿಗೆ ಕೈ ಒರೆಸ್ಕೊಂಡು ಹೊರಗೆ ಓಡಿದ್ರು. ಬೈಕ್ ಹುಡುಗ, ಕೈಲಿ ಟ್ಯಾಬ್. ಕಂತಿಗೆ ಸ್ವಲ್ಪ ಕಮ್ಮಿ ಬಿತ್ತು. ಪಕ್ಕದ ಮನೆಯವರು ತುಂಬಿಕೊಡೋವರೆಗೂ ಅವನು ಜಗಲಿ ಬಿಟ್ಟು ಅಲ್ಲಾಡ್ಲಿಲ್ಲ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನದ್ದೂ ಹೊಟ್ಟೆಪಾಡು. ಸಿಟ್ಟು ಬಂದಿದ್ದು ಆ 'ಸಂಘ' ಅನ್ನೋ ಮಾತಿಗೆ. ಮೈಕ್ರೋಫೈನಾನ್ಸ್‌ನವರು, ಅಂದ್ರೆ ಸಣ್ಣ ಸಾಲ ಕೊಡೋ ಕಂಪನಿಯವರು, ನಾಲ್ಕಾರು ಹೆಂಗಸರನ್ನ ಒಟ್ಟಿಗೆ ಕೂರಿಸಿ, ಒಬ್ಬಳು ಕಟ್ಟದಿದ್ರೆ ಉಳಿದವರು ಕಟ್ಟಿ ಅಂತ ಸಹಿ ಹಾಕಿಸ್ಕೊಂಡ್ರೆ ಅದೂ ಸಂಘವೇ? ವಸೂಲಿ ಕಿರುಕುಳ ತಡೆಯೋಕೆ 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರೋ ಮಟ್ಟಕ್ಕೆ ಹೋಯ್ತು.

ಸ್ವಸಹಾಯ ಸಂಘದ ಲೆಕ್ಕವೇ ಬೇರೆ. 80ರ ದಶಕದಲ್ಲೇ ಮೈರಾಡ ಅನ್ನೋ ಸ್ವಯಂಸೇವಾ ಸಂಸ್ಥೆ ಕರ್ನಾಟಕದಲ್ಲಿ ಇಂಥ ಗುಂಪು ಕಟ್ಟಿತ್ತು. 1992ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್ 500 ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸೋ ಪ್ರಯೋಗಕ್ಕೆ ಇಳಿಯಿತು. 2000-01ರಲ್ಲಿ ಸರ್ಕಾರದ ಸ್ತ್ರೀಶಕ್ತಿ ಯೋಜನೆ, ಆಮೇಲೆ ಸಂಜೀವಿನಿ ಯೋಜನೆ. ಹತ್ತರಿಂದ ಇಪ್ಪತ್ತು ಜನ, ಮೊದಲು ಉಳಿತಾಯ, ಆಮೇಲೆ ಸಾಲ. ಉಳಿತಾಯದಿಂದ ಕೊಟ್ಟ ಸಾಲದ ಬಡ್ಡಿ ಅವರದೇ ಗಂಟಿಗೆ ಬೀಳುತ್ತೆ. ಕಂಪನಿಗೆ ಕಟ್ಟಿದ ಬಡ್ಡಿ ಬೈಕ್ ಹತ್ತಿ ಊರು ಬಿಡುತ್ತೆ.

ಒಮ್ಮೆ ಅಂಥ ಸಭೆ ನೋಡಿದ್ದೆ. ಚಾಪೆ ಮೇಲೆ ನಡಾವಳಿ ಪುಸ್ತಕ, ಒಬ್ಬರಿಗೆ ಆಗೋವಷ್ಟೇ ದುಡ್ಡು, ಕೇಳಿದವರು ಇಬ್ಬರು. ಒಬ್ಬಳಿಗೆ ಮಗಳ ಫೀಸು, ಇನ್ನೊಬ್ಬಳಿಗೆ ಹೊಲಿಗೆ ಮಿಷನ್ನು. "ಮಿಷನ್ನು ನಿಂಗೋ, ನಿನ್ ಗಂಡನ ಬೈಕಿಗೋ?" ಅಂದ್ಬಿಟ್ರು ಹಿರಿಯಾಕೆ. ಎಲ್ಲರೂ ನಕ್ರು. ಫೀಸಿಗೆ ಅಂತ ಠರಾವಾಯ್ತು. ಮಿಷನ್ನಿನವಳು ಮುಖ ಊದಿಸ್ಕೊಂಡೇ ಹೆಬ್ಬೆಟ್ಟು ಒತ್ತಿದಳು.

ಸಬಲೀಕರಣ ಅಂತ ನಾನು ನಂಬೋದು ಆ ಅರ್ಧ ಗಂಟೆಯ ಜಗಳವನ್ನ. 'ಇಷ್ಟು ಕೋಟಿ ಸಾಲ ವಿತರಣೆ' ಅನ್ನೋ ಬ್ಯಾನರಲ್ಲಿ ಅದು ಕಾಣಲ್ಲ. ಹೆಂಡತಿ ಹೆಸರಲ್ಲಿ ಸಾಲ ಎತ್ತಿ ಗಂಡ ಖರ್ಚು ಮಾಡಿದ್ದೂ ಆ ಕೋಟಿಯಲ್ಲೇ ಸೇರಿರುತ್ತೆ.

ಹಾಗಂತ ಸ್ವಸಹಾಯ ಸಂಘಗಳೆಲ್ಲ ಸಾಚಾ ಅಂತೇನಿಲ್ಲ. ಲೆಕ್ಕದ ಪುಸ್ತಕ ವರ್ಷಗಟ್ಟಲೆ ಒಬ್ಬಳ ಕಪಾಟಲ್ಲೇ ಇರೋದು, ಸಮಾವೇಶಕ್ಕೆ ಬಸ್ಸು ತುಂಬಿಸೋಕೆ ಮಾತ್ರ ಸಂಘ ನೆನಪಾಗೋದು, ಎಲ್ಲ ಇದೆ.

ಹೊರಡೋವಾಗ ಅಕ್ಕನ್ನ ಕೇಳಿದೆ, "ನೀವು ಸ್ತ್ರೀಶಕ್ತಿಲಿ ಇದ್ರಲ್ಲ, ಅಲ್ಲೇ ತಗೋಬಹುದಿತ್ತಲ್ವಾ?"

"ಈಗ್ಲೂ ಇದೀನಿ ಕಣಪ್ಪ. ಅಲ್ಲಿ ಕೇಳಿದ್ರೆ ಯಾಕೆ, ಏನು ಅಂತ ಹದಿನೈದು ಜನಕ್ಕೆ ಹೇಳ್ಬೇಕು. ಇವನು ಏನೂ ಕೇಳಲ್ಲ, ಕೊಟ್ಬಿಡ್ತಾನೆ."