ಐದು ಗಂಟೆಯ ಜೋಕರ್

ಏಳನೇ ಕ್ಲಾಸಿನ ಹುಡುಗನ ಕೋಣೆಯ ಗೋಡೆಗೆ ಅಪ್ಪ ಅಂಟಿಸಿದ ಟೈಮ್‌ಟೇಬಲ್ ಇರುತ್ತದೆ. ನಾಲ್ಕೂವರೆಗೆ ಹಾಲು, ಐದಕ್ಕೆ ಸಂಗೀತ, ಆರೂವರೆಗೆ ಟ್ಯೂಷನ್, ಎಂಟಕ್ಕೆ ಹೋಂವರ್ಕ್. ಬೀದಿಯಲ್ಲಿ ಕ್ರಿಕೆಟ್ಟಿಗೆ ಟೀಮ್ ಮಾಡುವುದೂ ಐದಕ್ಕೇ ಎಂಬುದೊಂದು ಅದರಲ್ಲಿಲ್ಲ.

ನೆಲದ ಮೇಲೆ ಗೀಟೆಳೆದು, ತುದಿಗೆ ಹಿಂದುಮುಂದಾಗಿ ನಂಬರ್ ಬರೆದು, ಅದರ ಮೇಲೆ ಬ್ಯಾಟ್ ಮುಚ್ಚಿ, ಒಬ್ಬೊಬ್ಬರೂ ಒಂದೊಂದು ಗೀಟು ಮುಟ್ಟುವಾಗ ಅಲ್ಲಿರಬೇಕು. ತಡವಾದರೆ ಕೊನೆಯ ನಂಬರ್. ತಲೆಗಳು ಬೆಸವಾದರೆ ಎರಡೂ ಕಡೆಗೆ ಆಡುವ ಜೋಕರ್. ಜೋಕರ್‌ಗೆ ಬ್ಯಾಟಿಂಗ್ ಎರಡು ಸಲ, ಗೆಲುವು ಒಂದು ಸಲವೂ ಇಲ್ಲ. ಮೂರು ದಿನ ಜೋಕರ್ ಆದವನನ್ನು ನಾಲ್ಕನೇ ದಿನ ಗೇಟಿನ ಹತ್ತಿರ ಬಂದು ಕೂಗುವುದಿಲ್ಲ. ಮರೆತಿರುತ್ತಾರೆ, ಅಷ್ಟೆ.

ಹಾಗಂತ ಸಂಗೀತ ಬಿಡಿಸಬೇಕಿಲ್ಲ. ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ ಎಂಬ ಮೊದಲ ಸ್ವರಪಾಠಗಳು, ಆಮೇಲೆ ಏಳು ತಾಳದ ಅಲಂಕಾರ, ಎಲ್ಲವೂ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ. ಮೂರನೆಯ ಕಾಲಕ್ಕೆ ಮೊದಲನೆಯದರ ನಾಲ್ಕು ಪಟ್ಟು ವೇಗ. ಸಾಧನೆ ತಪ್ಪಿದವನು ಎಡವುವುದು ಅಲ್ಲೇ: ಕೈಯ ತಾಳ ಮುಂದೆ ಹೋಗಿರುತ್ತದೆ, ಬಾಯಿ ಹಿಂದೆ. ಭಾನುವಾರ ಎರಡು ತಾಸು ಕೂರಿಸಿದರೆ ಇದು ಸರಿಹೋಗದು. ದಿನಾ ಬೆಳಿಗ್ಗೆ ಸ್ನಾನಕ್ಕೆ ಮೊದಲು ಹದಿನೈದು ನಿಮಿಷ ಹೇಳಿಸಿದರೆ ಸರಿಹೋಗುತ್ತದೆ. ಪಾಠವನ್ನು ವಾರಕ್ಕೆ ಎರಡೇ ದಿನ ಇಟ್ಟುಕೊಂಡರೆ ಉಳಿದ ಸಂಜೆಗಳ ಐದು ಗಂಟೆ ಅವನದೇ.

ಟ್ಯೂಷನ್ ಮಾತ್ರ ಯಾರ ಮಾತೂ ಕೇಳುವುದಿಲ್ಲ. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ದಿನ ಎಂದು 2019ರಲ್ಲೇ ಸರ್ಕಾರದ ಸುತ್ತೋಲೆ ಬಂತು. ಶಾಲೆಯಲ್ಲಿ ಇಳಿಸಿದ ಬ್ಯಾಗನ್ನು ಸಂಜೆ ಟ್ಯೂಷನ್ನಿಗೆ ಹೊರುವುದಕ್ಕೆ ಸುತ್ತೋಲೆ ಅಡ್ಡಿಯಲ್ಲ.

ಇನ್ನು ಹುಟ್ಟುಹಬ್ಬ. ಯೂನಿಫಾರಂ ಬಿಟ್ಟು ಬಣ್ಣದ ಬಟ್ಟೆ, ಕೈಯಲ್ಲಿ ಚಾಕೊಲೇಟ್ ಪ್ಯಾಕೆಟ್. ಸ್ಟಾಫ್‌ರೂಮಿಗೂ ಪಕ್ಕದ ಸೆಕ್ಷನ್ನಿಗೂ ಹಂಚಲು ಜೊತೆಗೆ ಒಬ್ಬನನ್ನೇ ಕರೆದೊಯ್ಯಬಹುದು. ಅಮ್ಮ ಲೆಕ್ಕ ಹಾಕಿ ಕಟ್ಟಿಕೊಡುವುದು ಚಾಕೊಲೇಟನ್ನು. ಯಾರನ್ನು ಕರೆಯಬೇಕೆಂದು ಹಿಂದಿನ ರಾತ್ರಿಯೆಲ್ಲ ಇವನು ಮಾಡಿದ ಲೆಕ್ಕ ಅವಳಿಗೆ ಗೊತ್ತಿರುವುದಿಲ್ಲ. ಜಾಣರು ಒಬ್ಬನನ್ನು ಊಟದ ಬೆಲ್ಲಿಗೆ ಮುಂಚೆ ಸ್ಟಾಫ್‌ರೂಮಿಗೆ, ಇನ್ನೊಬ್ಬನನ್ನು ಆಮೇಲೆ ಪಕ್ಕದ ಸೆಕ್ಷನ್ನಿಗೆ ಕರೆದೊಯ್ಯುತ್ತಾರೆ. ಸ್ಟಾಫ್‌ರೂಮಿನ ಪಾಳಿಗೇ ಮರ್ಯಾದೆ ಹೆಚ್ಚು, ಹಾಗಾಗಿ ಎರಡನೆಯವನ ಮುಖ ಸ್ವಲ್ಪ ಊದಿಯೇ ಇರುತ್ತದೆ. ಒಂದು ಚಾಕೊಲೇಟ್ ಜಾಸ್ತಿ ಕೊಡಬೇಕು.

ಸಂಜೆ ಗೇಟಿನಿಂದ ಕೂಗಿದರೆ ಬರುವ ಉತ್ತರ ‘ಲಾಸ್ಟ್ ಓವರ್ ಅಮ್ಮಾ’. ವೈಡು, ನೋಬಾಲು, ಚರಂಡಿಗೆ ಬಿದ್ದ ಬಾಲನ್ನು ಹೊಡೆದವನೇ ತರುವ ನಿಯಮ ಎಲ್ಲ ಸೇರಿ ಆ ಓವರ್ ಹತ್ತು ನಿಮಿಷ ಹಿಡಿಯುತ್ತದೆ. ಹತ್ತು ನಿಮಿಷ ಮೊದಲೇ ಕೂಗಿ.