ಸ್ಪಷ್ಟನೆ: 2019ರ ಫೈನಲ್ ಗೋಲು ರಾಹುಲ್ ಭೇಕೆಯವರದು
2019ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಫೈನಲ್ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು, ಸುನಿಲ್ ಛೆಟ್ರಿಯವರ ಹೆಡರ್‌ನಿಂದ ಬೆಂಗಳೂರು ಎಫ್‌ಸಿ ಕಪ್ ಗೆದ್ದಿತು ಎಂಬ ಮಾತು ಅಭಿಮಾನಿಗಳಲ್ಲಿ ಹರಿದಾಡುತ್ತಿದೆ, ಅದು ಸರಿಯಲ್ಲ. ಮಾರ್ಚ್ 17ರಂದು ಮುಂಬೈಯಲ್ಲಿ ನಡೆದ ಆ ಪಂದ್ಯದ 90 ನಿಮಿಷಗಳು ಗೋಲಿಲ್ಲದೆ ಮುಗಿದು, ಆಟ ಹೆಚ್ಚುವರಿ ಸಮಯಕ್ಕೆ ಹೋಯಿತು. ಪೆನಾಲ್ಟಿ ಶೂಟೌಟ್ ಖಚಿತವೆಂದು ಟಿ.ವಿ. ಮುಂದೆ ನಾವೆಲ್ಲ ಉಸಿರು ಬಿಗಿಹಿಡಿದು ಕುಳಿತಿದ್ದಾಗ, 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಒದ್ದ ಕಾರ್ನರ್‌ಗೆ ತಲೆಯೊಡ್ಡಿ, ಎಫ್‌ಸಿ ಗೋವಾ ವಿರುದ್ಧ 1-0 ಗೆಲುವು ತಂದವರು ರಕ್ಷಣಾ ಆಟಗಾರ ರಾಹುಲ್ ಭೇಕೆ. ಆ ಶ್ರೇಯ ಅವರಿಗೇ ಸಲ್ಲಬೇಕು.

ಛೆಟ್ರಿ ಹಾರಿ ಹೊಡೆದ ಹೆಡರ್ 2018ರ ಫೈನಲ್‌ನ 9ನೇ ನಿಮಿಷದ್ದು. ಕಂಠೀರವದಲ್ಲಿ ನಡೆದದ್ದು ಆ ಪಂದ್ಯವೇ. ಅದನ್ನು ನಾವು ಚೆನ್ನೈಯಿನ್ ಎಫ್‌ಸಿಗೆ 2-3ರಿಂದ ಸೋತಿದ್ದೆವು.